ಬೀರುವಿನ ಬೀಗ, ಊರಿನ ನೀರು

ಯಾವ ಪ್ರೌಢಶಾಲೆಗೆ ಹೋದರೂ ನಾನು ಮೊದಲು ವಿಚಾರಿಸುವುದು ವಿಜ್ಞಾನದ ಬೀರುವಿನ ಕೀಲಿಕೈ ಎಲ್ಲಿದೆ ಎಂದು. ಕೆಲವೆಡೆ ಅದು ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿರುತ್ತದೆ, ಕೆಲವೆಡೆ ವಿಜ್ಞಾನದ ಮೇಷ್ಟ್ರ ಜೇಬಿನಲ್ಲಿ. ಒಂದು ಶಾಲೆಯಲ್ಲಿ ಮಾತ್ರ, ಕೇಳಿದ ಕೂಡಲೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗೋಡೆಯ ಮೊಳೆಯಿಂದ ಕೀಲಿ ತೆಗೆದು ತಾನೇ ಬಾಗಿಲು ತೆರೆದಳು. ಒಳಗೆ ಅಂಚು ಮುಕ್ಕಾದ ಬೀಕರುಗಳಿದ್ದವು, ಮಸಿ ಹಿಡಿದ ಸ್ಪಿರಿಟ್ ದೀಪವಿತ್ತು. ಉಳಿದ ಶಾಲೆಗಳ ಬೀರುಗಳಲ್ಲಿ ಗಾಜಿನ ಸಾಮಾನು ರಟ್ಟಿನ ಡಬ್ಬಿಯಿಂದ ಆಚೆಗೇ ಬಂದಿರಲಿಲ್ಲ.

ಬೀಗ ಹಾಕುವ ಮೇಷ್ಟ್ರನ್ನು ನಾನು ದೂರಲಾರೆ. ಸ್ಟಾಕ್ ರಿಜಿಸ್ಟರಿನಲ್ಲಿ ಹನ್ನೆರಡು ಪ್ರನಾಳ ಎಂದಿದ್ದರೆ ಹನ್ನೆರಡೂ ಇರಬೇಕು. ವರ್ಗಾವಣೆಯಾಗಿ ಚಾರ್ಜ್ ಕೊಡುವ ದಿನ ಲೆಕ್ಕ ತಪ್ಪಿದರೆ ಉತ್ತರ ಹೇಳಬೇಕಾದವರು ಅವರೇ. ಒಬ್ಬ ಮೇಷ್ಟ್ರು ನನಗೆ ನೇರವಾಗಿಯೇ ಹೇಳಿದರು: "ಸಾರ್, ಮಕ್ಕಳು ಕಲಿತಿದ್ದಾರೋ ಇಲ್ಲವೋ ಅಂತ ಆಡಿಟ್‌ನವರು ಕೇಳಲ್ಲ. ಥರ್ಮಾಮೀಟರ್ ಎಲ್ಲಿ ಅಂತ ಕೇಳ್ತಾರೆ." ನಮ್ಮ ಪ್ರೌಢಶಾಲೆಗಳ ವಿಜ್ಞಾನ ಬೋಧನೆಯ ಕಷ್ಟ ಬಹುಮಟ್ಟಿಗೆ ಈ ಮಾತಿನಲ್ಲಿದೆ. ಪ್ರಯೋಗಕ್ಕೆ ಬೆಲೆ ಕೊಡುತ್ತೇವೆ ಎಂದು ಬಾಯಲ್ಲಿ ಹೇಳುವ ವ್ಯವಸ್ಥೆ, ಒಡೆಯದ ಗಾಜಿಗೆ ಬೆಲೆ ಕೊಡುತ್ತದೆ.

ಪಟ್ಟಣದ ದೊಡ್ಡ ಖಾಸಗಿ ಶಾಲೆಗಳಲ್ಲಿ ವಿಜ್ಞಾನ ವಿಭಾಗ ಎಂಬ ಬೋರ್ಡು ಇರಬಹುದು. ಹಳ್ಳಿ, ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಆ ವಿಭಾಗ ಎಂದರೆ ಇಬ್ಬರೇ: ಭೌತ, ರಸಾಯನ, ಗಣಿತ ಓದಿದ ಪಿಸಿಎಂ ಮೇಷ್ಟ್ರು; ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ ಸಿಬಿಝಡ್ ಟೀಚರ್. ಗಣಿತವೂ ಪಿಸಿಎಂ ಮೇಷ್ಟ್ರ ಹೆಗಲಿಗೇ. ಇಬ್ಬರಲ್ಲಿ ಒಬ್ಬರ ಹುದ್ದೆ ಖಾಲಿಯಿದ್ದರೆ ಅತಿಥಿ ಶಿಕ್ಷಕರು ಬರುವವರೆಗೆ ಇನ್ನೊಬ್ಬರೇ ಎಲ್ಲ. ಇವರಿಬ್ಬರೂ ಯಾವ ಮೌಲ್ಯವನ್ನು ಕಲಿಸುತ್ತಾರೆ, ಅದು ಶಾಲೆಯ ಗೇಟು ದಾಟಿ ಊರನ್ನು ಮುಟ್ಟುತ್ತದೆಯೇ ಎನ್ನುವುದೇ ಈ ಲೇಖನದ ಪ್ರಶ್ನೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ರೂಢಿ. ಪಾಠ ಮೊದಲು, ಸಮಯ ಉಳಿದರೆ ಸಮುದಾಯ ಎನ್ನುತ್ತೇವೆ. ಈ ವಿಂಗಡಣೆಯೇ ತಪ್ಪು ಎಂದು ನನ್ನ ಅಭಿಪ್ರಾಯ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಲ್ಲಿ ಮಗು ಪ್ರಾಮಾಣಿಕವಾಗಿರಬೇಕಾದ ಅಗತ್ಯವೇ ಬೀಳುವುದಿಲ್ಲ. ತನ್ನ ಬೀದಿಯ ನೀರನ್ನು ಅಳೆಯುವಾಗ ಬೀಳುತ್ತದೆ.

ಕನ್ನಡದ ಮಟ್ಟಿಗೆ ಈ ಯೋಚನೆಗೆ ನೂರು ವರ್ಷ ದಾಟಿದ ಇತಿಹಾಸವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದದ್ದು 1918ರಲ್ಲಿ. ಅದು ಬಹಳ ಕಾಲ ನಡೆಯಲಿಲ್ಲ. ಆದರೆ ಮೇಷ್ಟ್ರ ಕೆಲಸ ಕ್ಲಾಸಿನ ಗಂಟೆಗೆ ಮುಗಿಯುವುದಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು. ಮುಂದೆ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ಜಿ.ಟಿ. ನಾರಾಯಣರಾಯರು, ಜೆ.ಆರ್. ಲಕ್ಷ್ಮಣರಾಯರು ಜೀವಮಾನವಿಡೀ ಕನ್ನಡದಲ್ಲಿ ವಿಜ್ಞಾನ ಬರೆದರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಅದರ 'ಬಾಲ ವಿಜ್ಞಾನ' ಎಷ್ಟೋ ಹಳ್ಳಿ ಶಾಲೆಗಳಿಗೆ ಅಂಚೆಯಲ್ಲಿ ಬರುತ್ತಿದ್ದ ಏಕೈಕ ವಿಜ್ಞಾನ ಪತ್ರಿಕೆಯಾಗಿತ್ತು.

ಈ ಸಾಲಿನಲ್ಲಿ ಎಚ್. ನರಸಿಂಹಯ್ಯನವರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1920ರಲ್ಲಿ ಗೌರಿಬಿದನೂರಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಓದಲೆಂದು ಬೆಂಗಳೂರಿಗೆ ನಡೆದೇ ಬಂದು, ಅಮೆರಿಕದ ಓಹಾಯೊದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ವಾಪಸು ಬಂದು ಹಾಸ್ಟೆಲಿನ ಕೋಣೆಯಲ್ಲೇ ಬದುಕಿದವರು. ಅವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ವಾರದ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರಿಶೀಲಿಸಲು ಸಮಿತಿ ಮಾಡಿ ದೇಶದ ಗಮನ ಸೆಳೆದರು. ಜನ ಅವರನ್ನು ನೆನೆಯುವುದು ಈ ಸಮಿತಿಯಿಂದ. ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಸೀಮೆಯಲ್ಲಿ ಶಾಲೆ, ಕಾಲೇಜು ಕಟ್ಟಿದ್ದು ಅದಕ್ಕಿಂತ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ. ಪವಾಡವನ್ನು ಪ್ರಶ್ನಿಸುವ ಧೈರ್ಯ ಭಾಷಣ ಕೇಳಿ ಬರುವುದು ಕಡಿಮೆ. ಹದಿಮೂರನೇ ವಯಸ್ಸಿನಲ್ಲಿ "ಹೇಗೆ ಗೊತ್ತು ಸಾರ್?" ಎಂದು ಕೇಳಿ ಬೈಸಿಕೊಳ್ಳದೆ ಉಳಿದ ಮಗುವಿಗೆ ಅದು ಬರುತ್ತದೆ.

ಅದೇ 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. 51ಎ ವಿಧಿಯ ಆ ಸಾಲನ್ನು ಸಮಾಜ ವಿಜ್ಞಾನದ ಪರೀಕ್ಷೆಗೆಂದು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ.

ಬಾಯಿಪಾಠದ ಆಚೆಗೆ ಹೋದ ದೊಡ್ಡ ಪ್ರಯತ್ನ ನಡೆದದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಕೆಲಸ ಶುರುಮಾಡಿದವು. 1978ರ ಹೊತ್ತಿಗೆ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಹೊಣೆ ಹೊತ್ತಿತು. ಆರನೇ ತರಗತಿಯಿಂದ ಎಂಟರವರೆಗೆ ಪ್ರಯೋಗ ಮಾಡದೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ. ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯಬಹುದಿತ್ತು, ಏಕೆಂದರೆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಪ್ರಯೋಗಕ್ಕೆ ಪ್ರತ್ಯೇಕ ಪರೀಕ್ಷೆಯಿತ್ತು. ಮೇಷ್ಟ್ರುಗಳು ತಿಂಗಳಿಗೊಮ್ಮೆ ಸೇರಿ ತಮ್ಮ ತರಗತಿಯ ಎಡವಟ್ಟುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ ಸೇರಿಸಿ ಆಕೃತಿ ಕಟ್ಟುವ ಅರವಿಂದ ಗುಪ್ತರ ಆಟಿಕೆಗಳ ದಾರಿ ತೆರೆದುಕೊಂಡದ್ದೂ ಅಲ್ಲೇ. 'ಸವಾಲೀರಾಮ್' ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಕಾರ್ಡು ಬರೆದು ಪ್ರಶ್ನೆ ಕೇಳಬಹುದಿತ್ತು, ಕೇಳಿದ ಮಗುವಿಗೆ ಉತ್ತರ ಬರುತ್ತಿತ್ತು. ಹಳ್ಳಿಯ ಮಗುವಿನ ಪ್ರಶ್ನೆಗೆ ಇಷ್ಟು ಗೌರವ ಕೊಟ್ಟ ಇನ್ನೊಂದು ಏರ್ಪಾಟು ನನಗೆ ತಿಳಿದಿಲ್ಲ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದನ್ನು ನಿಲ್ಲಿಸಲು ಒಂದು ಆದೇಶ ಸಾಕಾಯಿತು. ಶಾಲೆಯ ಒಳಗೆ ಅಷ್ಟು ಆಳವಾಗಿ ಬೇರು ಬಿಟ್ಟದ್ದು ಪೋಷಕರ ಮನಸ್ಸಿನಲ್ಲಿ ಅಷ್ಟೇ ಆಳವಾಗಿ ಬೇರು ಬಿಟ್ಟಿದ್ದರೆ ಅಷ್ಟು ಸುಲಭವಾಗಿ ಕೀಳಲಾಗುತ್ತಿತ್ತೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ನೆರೆಯ ಕೇರಳದಲ್ಲಿ ಹಾದಿ ಇನ್ನೊಂದು ದಿಕ್ಕಿನಿಂದ ಬಂತು. 1962ರಲ್ಲಿ ಹುಟ್ಟಿದ ಶಾಸ್ತ್ರ ಸಾಹಿತ್ಯ ಪರಿಷತ್ತು ಮೊದಲು ಜನರ ಬಳಿಗೆ ಹೋಯಿತು. ಅಲ್ಲಿನ ಶಾಲಾ ಶಿಕ್ಷಕರೇ ಅದರ ಬೆನ್ನೆಲುಬಾದರು. 1987ರಲ್ಲಿ ದೇಶದ ಐದು ದಿಕ್ಕುಗಳಿಂದ ಹೊರಟ ಜನ ವಿಜ್ಞಾನ ಜಾಥಾಗಳು ನವೆಂಬರ್ 7ರಂದು, ಸಿ.ವಿ. ರಾಮನ್ನರ ಹುಟ್ಟುಹಬ್ಬದ ದಿನ, ಭೋಪಾಲದಲ್ಲಿ ಕೂಡಿದವು. ಅನಿಲ ದುರಂತ ನಡೆದು ಆಗ ಮೂರೇ ವರ್ಷ. ಸೇರಲು ಆ ಊರನ್ನು ಆರಿಸಿಕೊಂಡದ್ದರಲ್ಲೇ ವಿಜ್ಞಾನ ಯಾರಿಗಾಗಿ ಎಂಬ ಪ್ರಶ್ನೆ ಇತ್ತು.

ನಮ್ಮ ಶಾಲೆಗಳಿಗೆ ಇದರ ಫಲ ತಲುಪಿದ್ದು ಮುಖ್ಯವಾಗಿ 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಶುರುವಾದ ಮಕ್ಕಳ ವಿಜ್ಞಾನ ಸಮಾವೇಶದ ರೂಪದಲ್ಲಿ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆಯೊಂದನ್ನು ಹಿಡಿದು, ಮಾಹಿತಿ ಕಲೆಹಾಕಿ, ವರದಿ ಮಂಡಿಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇನ್ನಿಲ್ಲ. ನಡೆಯುವ ಬಗೆ ಮಾತ್ರ ಶಾಲೆಯಿಂದ ಶಾಲೆಗೆ ಬೇರೆ. ಕೆಲವು ಕಡೆ ಮೇಷ್ಟ್ರೇ ವರದಿ ಬರೆದು ಮಕ್ಕಳಿಗೆ ಕಲಿಸಿ ವೇದಿಕೆ ಹತ್ತಿಸುತ್ತಾರೆ. ಕೆಲವು ಕಡೆ ನಿಜವಾದ ಕೆಲಸವಾಗುತ್ತದೆ.

ಅಂಥ ಒಂದನ್ನು ಹತ್ತಿರದಿಂದ ನೋಡಿದ್ದೇನೆ. ತುಮಕೂರು ಜಿಲ್ಲೆಯ ಬಯಲು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿನ ಹುಡುಗರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹಲ್ಲಿನ ಮೇಲೆ ಕಂದು ಗೆರೆ. ಕೊಳವೆಬಾವಿ ಆಳಕ್ಕಿಳಿದಷ್ಟೂ ಗ್ರಾನೈಟ್ ಶಿಲೆಯ ಖನಿಜಗಳಿಂದ ಫ್ಲೋರೈಡ್ ನೀರಿಗೆ ಬಿಡುತ್ತದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಆ ನೀರು ಕುಡಿದವರ ಹಲ್ಲಿಗೆ ಈ ಕಲೆ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಕೊಪ್ಪಳ, ಗದಗದ ಎಷ್ಟೋ ಊರುಗಳದ್ದೂ ಇದೇ ಪಾಡು. ತುಮಕೂರಿನ ಆ ಶಾಲೆಯ ಟೀಚರ್ ಗ್ರಾಮ ಪಂಚಾಯಿತಿಗೆ ಹೋಗಿ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ನೀರು ಪರೀಕ್ಷೆಯ ಕಿಟ್ ಕೇಳಿ ತಂದರು. ಊರಿನ ಕೈಪಂಪು, ತೊಂಬೆ, ಓವರ್‌ಹೆಡ್ ಟ್ಯಾಂಕು, ಶುದ್ಧ ನೀರಿನ ಘಟಕ ಎಲ್ಲ ಕಡೆಯಿಂದ ಮಕ್ಕಳು ಬಾಟಲಿಯಲ್ಲಿ ನೀರು ತಂದರು. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ಯಾವ ಬೋರಿನ ನೀರು ಎಂದು ಅವರಿಗೆ ಹೇಳಿಕೊಟ್ಟವನು ಊರಿನ ನೀರುಗಂಟಿ. ಅಂದು ಅವನೇ ಅವರ ಮೇಷ್ಟ್ರು.

ಪ್ರನಾಳಕ್ಕೆ ದ್ರಾವಣದ ಹನಿ ಬಿಟ್ಟಾಗ ಫ್ಲೋರೈಡ್ ಇಲ್ಲದ ನೀರು ಕೆಂಪಗೆ ಉಳಿಯುತ್ತದೆ, ಫ್ಲೋರೈಡ್ ಹೆಚ್ಚಿದಂತೆ ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ಹೋಲಿಸಿ ಬರೆಯಬೇಕು. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಎಂದು ಪುಸ್ತಕದಲ್ಲಿ ಓದಿದ್ದ ಒಂದು ಗುಂಪು ಬಣ್ಣ ಸ್ಪಷ್ಟವಾಗಿ ಹಳದಿಯಿದ್ದರೂ 1.5 ಎಂದೇ ಬರೆದಿತ್ತು. ಟೀಚರ್ ಬೈಯಲಿಲ್ಲ. "ಪುಸ್ತಕ ಏನು ಹೇಳುತ್ತೆ ಅಂತ ಆಮೇಲೆ ನೋಡೋಣ. ನಿನ್ನ ಕಣ್ಣಿಗೆ ಏನು ಕಾಣ್ತು ಅದನ್ನ ಬರಿ. ಇನ್ನೆರಡು ಸಲ ಮಾಡು" ಎಂದರು. ಮೂರು ಸಲ ಮಾಡಿದರು, ಮೂರು ಸಲವೂ ಮಿತಿ ಮೀರಿತ್ತು. ವಿಜ್ಞಾನದ ಮೌಲ್ಯ ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದನ್ನೆಲ್ಲ ಆ ಹದಿನೈದು ನಿಮಿಷದಲ್ಲಿ ನಾನು ಕಣ್ಣಾರೆ ಕಂಡೆ.

ಮಕ್ಕಳು ಅದನ್ನು ಮನೆಗೆ ಒಯ್ದರು. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದಳು ಒಬ್ಬಳ ಅಜ್ಜಿ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಮೊಮ್ಮಗಳು ಹೇಳಬೇಕಾಯಿತು. ಅಜ್ಜಿ ತಕ್ಷಣ ಒಪ್ಪಲಿಲ್ಲವಂತೆ, ಆದರೆ ಮಾರನೇ ದಿನ ಅಡುಗೆಗೆ ಘಟಕದ ಕ್ಯಾನ್ ನೀರು ತರಿಸಿದಳಂತೆ. ಗ್ರಾಮಸಭೆಯಲ್ಲಿ ವಿಷಯ ಬಂದಾಗ ಮಾತ್ರ ಬಿಸಿ ಏರಿತು. ಯಾರ ಹೊಲದ ಪಕ್ಕದ ಬೋರು, ಯಾವ ಬೀದಿಯ ಟ್ಯಾಂಕು ಎಂಬ ಮಾತು ಎದ್ದ ಕೂಡಲೇ ಅದು ಬರಿಯ ರಸಾಯನಶಾಸ್ತ್ರವಾಗಿ ಉಳಿಯುವುದಿಲ್ಲ. ಸರ್ಕಾರದ ಪ್ರಯೋಗಾಲಯಕ್ಕೆ ಮಾದರಿ ಕಳಿಸಿದರು. ಅಲ್ಲಿಂದಲೂ ಮಿತಿಗಿಂತ ಹೆಚ್ಚು ಎಂದೇ ಬಂತು. ಆಮೇಲೆ ಕೈಪಂಪಿಗೆ ಕೆಂಪು ಬಣ್ಣ ಬಳಿದರು, ಬಟ್ಟೆ ಪಾತ್ರೆಗೆ ಮಾತ್ರ ಬಳಸಿ ಎಂದು ಬರೆಸಿದರು. ಆ ಮಕ್ಕಳ ಹಲ್ಲಿನ ಕಲೆ ಹೋಗುವಂಥದ್ದಲ್ಲ. ಅವರ ಮನೆಯ ಪುಟ್ಟ ಮಕ್ಕಳ ಹಲ್ಲಾದರೂ ಉಳಿಯಬಹುದು.

ಎಲ್ಲಕ್ಕೂ ಕಿಟ್ ಬೇಕಿಲ್ಲ. ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಆರತಿ ತಟ್ಟೆಯ ಓಕುಳಿ ಕೆಂಪಾಗುವುದು ಪ್ರತಿ ಮನೆಗೂ ಗೊತ್ತು. ಅದೇ ಅರಿಸಿನವನ್ನು ಕಾಗದಕ್ಕೆ ಬಳಿದು ಒಣಗಿಸಿದರೆ ಸೂಚಕ ಸಿದ್ಧ. ಸಾಬೂನು, ಬೂದಿನೀರು, ಅಡುಗೆ ಸೋಡಾ ತಾಗಿಸಿ ನೋಡಬಹುದು, ನಿಂಬೆಹುಳಿ ಹಿಂಡಿ ಮತ್ತೆ ಹಳದಿ ಮಾಡಬಹುದು. ಪ್ರತ್ಯಾಮ್ಲ ಎಂಬ ಪದ ಆಮೇಲೆ ಬಂದರೆ ನಿಲ್ಲುತ್ತದೆ, ಮೊದಲೇ ಬಂದರೆ ಜಾರುತ್ತದೆ.

ಇನ್ನೂ ಒಂದು, ಬರಿಯ ಕೋಲಿನ ಪ್ರಯೋಗ. ಬೆಂಗಳೂರು ಮತ್ತು ಬೀದರ್ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ಆದ್ದರಿಂದ ಎರಡೂ ಕಡೆ ಸೂರ್ಯ ನೆತ್ತಿಗೇರುವುದು ಒಂದೇ ಹೊತ್ತಿಗೆ. ಸೆಪ್ಟೆಂಬರ್ 23ರ ಮಧ್ಯಾಹ್ನ ಒಂದು ಮೀಟರ್ ಕೋಲಿನ ಅತಿ ಗಿಡ್ಡ ನೆರಳು ಬೆಂಗಳೂರಿನಲ್ಲಿ ಸುಮಾರು 23 ಸೆಂಟಿಮೀಟರ್, ಬೀದರಿನಲ್ಲಿ ಸುಮಾರು 32. ಕೋನಕ್ಕೆ ಬದಲಿಸಿದರೆ ವ್ಯತ್ಯಾಸ 5 ಡಿಗ್ರಿ. ಎರಡೂ ಊರುಗಳ ನಡುವೆ ನೇರ ದೂರ ಸುಮಾರು 550 ಕಿಲೋಮೀಟರ್. 360 ಡಿಗ್ರಿಗೆ ಎಷ್ಟಾಯಿತು? 39,600. ಭೂಮಿಯ ಸುತ್ತಳತೆ 40,000ದ ಆಸುಪಾಸು. ಇಬ್ಬರು ಮೇಷ್ಟ್ರು ಫೋನಿನಲ್ಲಿ ಮಾತಾಡಿಕೊಂಡರೆ ಎರಡು ತುದಿಯ ಕನ್ನಡದ ಮಕ್ಕಳು ಸೇರಿ ಭೂಮಿಯನ್ನು ಅಳೆಯಬಹುದು. ಇದಕ್ಕೆ ಯಾವ ಇಲಾಖೆಯ ಅನುದಾನವೂ ಬೇಡ.

ಊರಿನ ನಂಬಿಕೆಗೆ ವಿಜ್ಞಾನ ಎದುರಾಗುವ ಗಳಿಗೆಯೂ ಬರುತ್ತದೆ. 1980ರ ಫೆಬ್ರುವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋದಾಗ ಬೀದಿಗಳು ಬಿಕೋ ಎನ್ನುತ್ತಿದ್ದವು. 2019ರ ಡಿಸೆಂಬರ್ 26ರ ಬೆಳಿಗ್ಗೆ ಕೊಡಗಿನ ಕುಟ್ಟದ ಬಳಿ ಸೂರ್ಯ ಉಂಗುರವಾದಾಗ ಕನ್ನಡಕ ಹಿಡಿದು ನೋಡಲು ಜನ ನೆರೆದಿದ್ದರು. ಅದೇ ಬೆಳಿಗ್ಗೆ ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ವಾಸಿಯಾಗುತ್ತದೆಂದು ನಂಬಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಂದೆತಾಯಿಯನ್ನು ಹಳಿಯಲು ನನಗೆ ಮನಸ್ಸಿಲ್ಲ, ಮಗುವಿಗೆ ಒಳ್ಳೆಯದಾಗಲಿ ಎಂದೇ ಅವರು ಹಾಗೆ ಮಾಡಿದ್ದು. ಗ್ರಹಣಕ್ಕೆ ಒಂದು ವಾರ ಮುಂಚೆ ಅವರ ಮನೆ ಬಾಗಿಲಿಗೆ ಹೋಗಿ ಮಾತಾಡಬಲ್ಲವರು ಯಾರು? ದೂರದ ವಿಜ್ಞಾನಿಯಲ್ಲ. ಊರಿಗೆ ಗೊತ್ತಿರುವ, ಆ ಮನೆಯ ಅಣ್ಣನಿಗೋ ಅಕ್ಕನಿಗೋ ಪಾಠ ಮಾಡಿದ ಟೀಚರ್. ಮುಂದೆ 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣ ಹಾದುಹೋಗಲಿದೆ, ನಮ್ಮಲ್ಲಿ ಪಾರ್ಶ್ವವಾಗಿ ಕಾಣಲಿದೆ. ಬೇಸಿಗೆ ರಜೆ ಬೇರೆ. ತಯಾರಿ ಅದಕ್ಕೂ ಮುಂಚೆಯೇ ಆಗಬೇಕು.

ಹೊರಗೆ ಹೋಗಲು ಅಂಜುವ ವಿಜ್ಞಾನ ಕೆಲವೊಮ್ಮೆ ತರಗತಿಯಲ್ಲೇ ಅಂಜುತ್ತದೆ. ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಅಧ್ಯಾಯವನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಸಿಬಿಡುವವರು ಇನ್ನೂ ಇದ್ದಾರೆ. ಮುಟ್ಟಿನ ದಿನಗಳಲ್ಲಿ ಹುಡುಗಿಯನ್ನು ಹೊರಗೆ ಕೂರಿಸುವ ಮನೆ ಎದುರಿಗಿರುವಾಗ ಆ ಹತ್ತು ಪುಟ ದಾಟಿಸುವುದು ಸಣ್ಣ ಲೋಪವಲ್ಲ. ಆ ಪಾಠವನ್ನು ಹುಡುಗ ಹುಡುಗಿಯರಿಬ್ಬರಿಗೂ ಒಟ್ಟಿಗೆ, ತಲೆಯೆತ್ತಿ ಮಾಡುವ ಟೀಚರುಗಳನ್ನು ನಾನು ಕಂಡಿದ್ದೇನೆ. ಅವರ ತಾಯಂದಿರ ಸಭೆಗಳಿಗೆ ಜನ ಹೆಚ್ಚು.

ಶಾಲೆಯ ಹೊರಗಿನಿಂದ ಬರುವ ನೆರವೂ ಇದೆ. 1999ರಲ್ಲಿ ಶುರುವಾದ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯದ ವ್ಯಾನು ಅಂಗಳಕ್ಕೆ ಬಂದ ದಿನ ಮಕ್ಕಳ ಕಣ್ಣು ನೋಡಬೇಕು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ಕೊಡುತ್ತದೆ, ಅಲ್ಲಿಂದ ಬಂದವರ ಮಾತಿನಲ್ಲಿ ಹೊಸ ಹುರುಪು ಕೇಳಿದ್ದೇನೆ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಗೆ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಬರುತ್ತಿದೆ. ರೋಬಾಟು ಓಡಿಸುವ ಹುಡುಗನನ್ನು ಕಂಡರೆ ನನಗೂ ಸಂತೋಷವೇ. ಆದರೆ ವ್ಯಾನು ಸಂಜೆಗೆ ಹೊರಟುಹೋಗುತ್ತದೆ, ಲ್ಯಾಬಿನ ತ್ರೀಡಿ ಮುದ್ರಣ ಯಂತ್ರ ಕೆಟ್ಟರೆ ರಿಪೇರಿಯವರು ಬರುವುದು ತಡ. ನಿತ್ಯ ಉಳಿಯುವವರು ಆ ಇಬ್ಬರು ಮೇಷ್ಟ್ರು. ಅವರ ಕೈ ಬಲಪಡಿಸದ ಯಾವ ಯೋಜನೆಯೂ ಬಾಳುವುದಿಲ್ಲ ಎಂಬುದು ಹೋಶಂಗಾಬಾದಿನ ಮಾಸಿಕ ಸಭೆಗಳನ್ನು ನೆನೆದರೆ ಸ್ಪಷ್ಟವಾಗುತ್ತದೆ.

ಅವರ ಕೈ ಕಟ್ಟಿರುವುದು ಫಲಿತಾಂಶ. ಡಿಸೆಂಬರ್ ಮುಗಿಯುತ್ತಿದ್ದಂತೆ ವಿಶೇಷ ತರಗತಿ, ಸರಣಿ ಪರೀಕ್ಷೆ, ನಿಧಾನ ಕಲಿಕೆಯ ಮಕ್ಕಳಿಗೆ 'ಪಾಸಿಂಗ್ ಪ್ಯಾಕೇಜ್'. ಹೃದಯ, ಕಣ್ಣು, ನೆಫ್ರಾನಿನ ಚಿತ್ರವನ್ನು ಇಪ್ಪತ್ತು ಸಲ ಬರೆಸುತ್ತಾರೆ. ಜಿಲ್ಲೆಗಳ ಪಟ್ಟಿಯಲ್ಲಿ ಕೆಳಗೆ ಬಿದ್ದರೆ ಸಭೆಯಲ್ಲಿ ತಲೆ ತಗ್ಗಿಸಬೇಕಾದ್ದು ಅವರೇ. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಬಹಳಷ್ಟು ಶಾಲೆಗಳಲ್ಲಿ ಆ 20ನ್ನು ಕಣ್ಣು ಮುಚ್ಚಿ ತುಂಬಲಾಗುತ್ತದೆ, ಒಂದು ಚಾರ್ಟು, ಒಂದು ಥರ್ಮೋಕೋಲ್ ಮಾದರಿಗೆ ಅದು ಮುಗಿದುಹೋಗುತ್ತದೆ. ಹೊಸ ಯೋಜನೆ, ಹೊಸ ಹಣ ಯಾವುದನ್ನೂ ಕೇಳದೆ ಈಗಲೇ ಬದಲಿಸಬಹುದಾದ ಜಾಗ ಇದೊಂದೇ. ಆ 20ರಲ್ಲಿ 10 ಅಂಕ ಮಗು ತನ್ನ ಊರಿನಲ್ಲಿ ತಾನೇ ಅಳೆದ ಒಂದು ವಿಷಯಕ್ಕೆ ಮೀಸಲಾಗಲಿ: ನೀರು, ಮಳೆ, ಮಣ್ಣು, ನೆರಳು, ಸೊಳ್ಳೆಯ ಮರಿ, ಏನಾದರೂ. ತಪ್ಪು ಬಂದ ಅಳತೆಯನ್ನು ತಪ್ಪೆಂದು ಬರೆದವನಿಗೆ ಅಂಕ ಕಡಿಮೆಯಾಗದಿರಲಿ. ಜೊತೆಗೆ ಪ್ರಯೋಗ ಮಾಡುವಾಗ ಒಡೆದದ್ದಕ್ಕೆ ಸ್ಟಾಕ್ ರಿಜಿಸ್ಟರಿನಲ್ಲಿ ಯಾರೂ ವಿವರಣೆ ಕೊಡಬೇಕಿಲ್ಲ ಎಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

1928ರ ಫೆಬ್ರುವರಿ 28ರಂದು ರಾಮನ್ ಬೆಳಕಿನ ಬಗೆಗಿನ ತಮ್ಮ ಶೋಧವನ್ನು ಮಾಡಿದರು, 1987ರಿಂದ ಆ ದಿನ ರಾಷ್ಟ್ರೀಯ ವಿಜ್ಞಾನ ದಿನ. ಅಂದು ನಿಮ್ಮೂರಿನ ಶಾಲೆಯಲ್ಲೂ ವಸ್ತುಪ್ರದರ್ಶನ ಇರುತ್ತದೆ, ಪೋಷಕರಿಗೂ ಆಹ್ವಾನ ಬರುತ್ತದೆ. ದಯವಿಟ್ಟು ಹೋಗಿ. ಜ್ವಾಲಾಮುಖಿಯ ಮಾದರಿಯ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ, ನಿಮ್ಮ ಮಗು ಈ ವರ್ಷ ತನ್ನ ಕೈಯಾರೆ ಅಳೆದು ಬರೆದ ಪುಟವನ್ನು ತೋರಿಸಲು ಕೇಳಿ. ಅಂಥ ಪುಟ ಇಲ್ಲದಿದ್ದರೆ ಮೇಷ್ಟ್ರ ಮೇಲೆ ಸಿಟ್ಟಾಗಬೇಡಿ. ಬೀರುವಿನ ಕೀಲಿ ಎಲ್ಲಿದೆ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ವಿಚಾರಿಸಿ.